ಹದಿನೈದು ದಿನದ ಹೊಳಪು

ಗುರುವಾರ ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಕಣ್ಣೆರಡನ್ನು ಬಿಟ್ಟು ಮುಖವನ್ನೆಲ್ಲ ಓಡಣಿಯಲ್ಲಿ ಸುತ್ತಿಕೊಂಡ ಹುಡುಗಿಯೊಬ್ಬಳು ಮಹಾನಂದಾಳ ಬ್ಯೂಟಿ ಪಾರ್ಲರಿನ ಬಾಗಿಲು ದೂಡಿದಳು. ಅವಳ ಬೆನ್ನಿಗೆ ಅವಳ ತಾಯಿ. ಬೈಲಹೊಂಗಲದ ಬಸ್ ನಿಲ್ದಾಣದ ಹತ್ತಿರದ ಓಣಿಯಲ್ಲಿ ಮೊದಲ ಮಹಡಿಯ ಮೇಲಿದ್ದ ಆ ಪಾರ್ಲರಿಗೆ ಬೇಸಿಗೆಯಲ್ಲಿ ಹೆಂಗಸರು ಮುಖ ಮುಚ್ಚಿಕೊಂಡು ಬರುವುದೇನೂ ಹೊಸದಲ್ಲ. ಆದರೆ ಫ್ಯಾನಿನ ಕೆಳಗೆ ಬಂದ ಮೇಲೂ ಈ ಹುಡುಗಿ ಓಡಣಿ ಬಿಚ್ಚಲಿಲ್ಲ. ಹುಬ್ಬು ತೀಡಿಸಿಕೊಳ್ಳುತ್ತಿದ್ದ ಗಿರಾಕಿ ಎದ್ದು ಹೋಗುವವರೆಗೂ ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ಬಾಗಲಾ ಹಾಕ್ರಿ ಅಕ್ಕಾರ," ಎಂದಳು.

ದನಿ ಕೇಳಿದ ಮೇಲೆ ಮಹಾನಂದಾಳಿಗೆ ಗುರುತು ಹತ್ತಿತು. ತೊರಗಲ್ಲಿನ ನೀಲಾ. ತಾಯಿ ಸೀತವ್ವ. ಇನ್ನು ಹನ್ನೊಂದು ದಿನಕ್ಕೆ ಮದುವೆ ಇದ್ದ ಹುಡುಗಿ.

ಬಾಗಿಲ ಚಿಲಕ ಬಿದ್ದ ಮೇಲೆ ನೀಲಾ ಓಡಣಿ ಬಿಚ್ಚಿದಳು. ಮಹಾನಂದಾಳ ಕೈಯಲ್ಲಿದ್ದ ದಾರದ ಉಂಡೆ ಜಾರಿ ಕುರ್ಚಿಯ ಕೆಳಗೆ ಉರುಳಿತು. ಎರಡೂ ಕೆನ್ನೆ ಸುಟ್ಟಂತೆ ಕೆಂಪಗಾಗಿದ್ದವು. ಚರ್ಮ ಈರುಳ್ಳಿಯ ಒಳಪದರದಷ್ಟು ತೆಳುವಾಗಿ, ಅದರ ಕೆಳಗೆ ಸಣ್ಣ ಸಣ್ಣ ರಕ್ತನಾಳಗಳು ಎಳೆಎಳೆಯಾಗಿ ಕಾಣುತ್ತಿದ್ದವು. ಗಲ್ಲದ ತುಂಬ ಗುಳ್ಳೆ. ಕಿವಿಯ ಮುಂದೆ, ಮೊದಲು ಇಲ್ಲದಿದ್ದ ಕಡೆ, ಕಪ್ಪು ನವಿರುಗೂದಲು.

"ಯಾವಾಗಿಂದ ಹಿಂಗ?"

"ಒಂದ ತಿಂಗಳಾತು. ಕ್ರೀಮ ಹಚ್ಚೂದು ಬಿಟ್ರ ಉರೀತೈತಿ, ಹಚ್ಚಿದ್ರ ತಣ್ಣಗ ಆಗ್ತೈತಿ. ನಾಕ ದಿನದ ಹಿಂದ ಡಬ್ಬಿ ತೀರ್ತು," ಎಂದಳು ನೀಲಾ. "ರವಿವಾರ ರಾಮದುರ್ಗದಾಗ ಲಗ್ನದ ಸೀರಿ, ಅರಬಿ ತಗೊಳಾಕ ಗಂಡಿನ ಮನ್ಯಾವ್ರು ಬರ್ತಾರ್ರಿ. ಹೊಸಾ ಡಬ್ಬಿ ಕೊಡ್ರಿ."

ಆ ಬಿಳಿ ಡಬ್ಬಿಗಳು ಮಹಾನಂದಾಳ ಮೇಜಿನ ಡ್ರಾವರಿನಲ್ಲೇ ಇದ್ದವು. ಹೆಸರಿಲ್ಲ, ಚೀಟಿಯಿಲ್ಲ. ಬೆಳಗಾವಿಯಿಂದ ಯುವರಾಜ ಎಂಬವನು ತಿಂಗಳಿಗೊಮ್ಮೆ ಚೀಲದಲ್ಲಿ ತಂದು ಕೊಡುತ್ತಿದ್ದ. ಅವಳು ಅದಕ್ಕೆ 'ಮದುಮಗಳ ಕ್ರೀಮು' ಎಂದು ತಾನೇ ಹೆಸರಿಟ್ಟಿದ್ದಳು.

ಸಂಗೊಳ್ಳಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಮಹಾನಂದಾ ತನ್ನ ಕಪ್ಪು ಬಣ್ಣದ ಬಗ್ಗೆ ಎಳವೆಯಿಂದಲೂ ಮಾತು ಕೇಳುತ್ತ ಬೆಳೆದವಳು. ಅವಳ ಗಂಡ ಸಿದ್ದರಾಮನಿಗೆ ಕೆಳಗಿನ ಮಹಡಿಯಲ್ಲೇ ಮೊಬೈಲ್ ರಿಪೇರಿ ಅಂಗಡಿ. ಎರಡು ವರ್ಷದ ಹಿಂದೆ ಅವನೇ ಅವಳ ಕೈಗೆ ಮೈಕು ಕೊಟ್ಟು, ಮುಂದೆ ಗುಂಡನೆಯ ದೀಪವಿಟ್ಟು, ರೀಲ್ಸ್ ಮಾಡಲು ಕಲಿಸಿದ್ದ. ಫೋನಿನಲ್ಲಿ ಫಿಲ್ಟರ್ ಹಾಕಿದಾಗ ಅವಳ ಮುಖ ಹಾಲಿನಲ್ಲಿ ಅದ್ದಿ ತೆಗೆದಂತೆ ಕಂಡಿತ್ತು. ಮೊದಲ ದಿನ ಅವಳಿಗೆ ನಾಚಿಕೆಯಾಯಿತು. ಹತ್ತನೆಯ ದಿನದ ಹೊತ್ತಿಗೆ ಫಿಲ್ಟರ್ ಇಲ್ಲದ ತನ್ನ ಮುಖ ನೋಡಿದರೇ ನಾಚಿಕೆ ಎನ್ನುವಂತಾಯಿತು.

ನೀಲಾ ಒಂಬತ್ತು ತಿಂಗಳ ಹಿಂದೆ ಯಾರದೋ ಮದುವೆಗೆಂದು ಬೈಲಹೊಂಗಲಕ್ಕೆ ಬಂದಾಗ ಫೇಶಿಯಲ್ ಮಾಡಿಸಿಕೊಳ್ಳಲು ಪಾರ್ಲರ್ ಹತ್ತಿದವಳು. ಬಿ.ಎ. ಮುಗಿಸಿದ ಹುಡುಗಿ, ಎಣ್ಣೆಗಪ್ಪು ಬಣ್ಣ, ಅಗಲ ಕಣ್ಣು. "ಈಕಿನ್ನ ಒಂದ ರೀಲ್ಸ್ ಮಾಡೂಣು," ಎಂದಿದ್ದ ಸಿದ್ದರಾಮ. ಎಡಕ್ಕೆ ಒಂದು ಮುಖ, ಬಲಕ್ಕೆ ಒಂದು ಮುಖ. 'ಹದಿನೈದು ದಿನದಲ್ಲಿ ಹೊಳಪು ನೋಡಿ' ಎಂದು ಕೆಳಗೆ ಅಕ್ಷರ. ನಿಜ ಹೇಳಬೇಕೆಂದರೆ ಎರಡನ್ನೂ ತೆಗೆದದ್ದು ಒಂದೇ ದಿನ, ನಲವತ್ತು ನಿಮಿಷದ ಅಂತರದಲ್ಲಿ. ಎಡಗಡೆಯದು ಕಿಟಕಿ ಮುಚ್ಚಿ ತೆಗೆದದ್ದು, ಬಲಗಡೆಯದು ದೀಪ ಹಾಕಿ, ಪೌಡರ್ ಬಳಿದು, ಫಿಲ್ಟರ್ ಹಚ್ಚಿ ತೆಗೆದದ್ದು. ನಾಲ್ಕು ಲಕ್ಷ ಜನ ಅದನ್ನು ನೋಡಿದರು. ಹಾಗೆ ನೋಡಿದವರಲ್ಲಿ ಸವದತ್ತಿಯ ರಂಜನಾ ಎಂಬ ಹುಡುಗಿಯೂ ಒಬ್ಬಳು. "ನಮ್ಮ ಅಣ್ಣಗ ಇಂಥಾಕಿನ್ನ ನೋಡ್ರಿ," ಎಂದು ಮನೆಯಲ್ಲಿ ಹಟ ಹಿಡಿದಳಂತೆ. ಅವಳಣ್ಣ ಮಾಂತೇಶನದು ಗೊಬ್ಬರ, ಬೀಜದ ಅಂಗಡಿ. ವಿಚಾರಿಸಿಕೊಂಡು ಬಂದು ಕೇಳಿದರು.

ಅಲ್ಲಿಂದ ಶುರುವಾಯಿತು. ಮೊದಲ ಸಲ ಅವರು ಹೆಣ್ಣು ನೋಡಲು ಬರುವಷ್ಟರಲ್ಲಿ ನೀಲಾ ರೀಲ್ಸಿನ ಬಲಗಡೆಯ ಮುಖದಂತೆ ಆಗಬೇಕಿತ್ತು. ಕ್ರೀಮು ಕೆಲಸ ಮಾಡಿತು, ಸುಳ್ಳಲ್ಲ. ಎರಡು ತಿಂಗಳಲ್ಲಿ ಬಣ್ಣ ತಿಳಿಯಾಯಿತು. ನಿಶ್ಚಯವಾಯಿತು. ದಿನಕ್ಕೊಮ್ಮೆ ಹಚ್ಚುತ್ತಿದ್ದವಳು ಎರಡು ಸಲ, ಮೂರು ಸಲ ಹಚ್ಚತೊಡಗಿದಳು. ಸೀತವ್ವ ಪೇಢೆಯ ಪೆಟ್ಟಿಗೆ ತಂದು ಮಹಾನಂದಾಳ ಕೈ ಹಿಡಿದು, "ನಿನ್ನಿಂದನ ನಮ್ಮ ಹುಡುಗಿಗೆ ಮನಿ ಸಿಕ್ತವಾ," ಎಂದು ಕಣ್ಣಿಗೆ ಒತ್ತಿಕೊಂಡಿದ್ದಳು.

ಈಗ ಅದೇ ಸೀತವ್ವ ಬೆಂಚಿನ ತುದಿಯಲ್ಲಿ ಕುಳಿತು ಮಗಳ ಮುಖವನ್ನೂ ಮಹಾನಂದಾಳ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು.

"ಮೊದಲ ಡಾಕ್ಟರಿಗೆ ತೋರ್ಸೂಣು ನಡೀರಿ," ಎಂದಳು ಮಹಾನಂದಾ.

ಊರಲ್ಲಿ ಚರ್ಮದ ಡಾಕ್ಟರಮ್ಮ ವಾರಕ್ಕೆರಡು ದಿನ ಬರುತ್ತಿದ್ದರು. ಪುಣ್ಯಕ್ಕೆ ಅಂದು ಗುರುವಾರ. ಅವರು ನೀಲಾಳ ಮುಖಕ್ಕೆ ಟಾರ್ಚು ಹಿಡಿದು, ಖಾಲಿ ಡಬ್ಬಿಯನ್ನು ಮೂಸಿ, ತಿರುಗಿಸಿ ನೋಡಿದರು.

"ಇದರ ಮ್ಯಾಲೆ ಹೆಸರೂ ಇಲ್ಲ, ತಾರೀಖೂ ಇಲ್ಲ. ಇದರಾಗ ಸ್ಟಿರಾಯ್ಡ್ ಇರಬೇಕು, ಬಲೇ ಜೋರಿನದು. ಮುಖಕ್ಕ ಹಚ್ಚೋದಲ್ಲ ಇದು. ಎಂಟು ತಿಂಗಳು ಹಚ್ಚಿದೀಯಾ? ಯಾರು ಕೊಟ್ಟರು ನಿನಗ?"

ಮಹಾನಂದಾ ಪಕ್ಕದಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದಳು. ನೀಲಾ ಒಂದು ಗಳಿಗೆ ಅವಳತ್ತ ನೋಡಿದಳು.

"ಆನ್‌ಲೈನ್ ತರಿಸಿದ್ದೆರಿ," ಎಂದಳು.

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಚೀಟಿ ಬರೆದರು. ಇದನ್ನು ಇವತ್ತೇ ನಿಲ್ಲಿಸಬೇಕು. ತಾವು ಬರೆದುಕೊಟ್ಟ ಔಷಧ ಹಚ್ಚಿದರೂ ಕೆಲವು ವಾರ ಮುಖ ಕೆರಳುತ್ತದೆ, ಉರಿಯುತ್ತದೆ. ಸುಧಾರಿಸಲು ಮೂರು ತಿಂಗಳು, ಹೆಚ್ಚೂ ಆಗಬಹುದು. ಪೌಡರ್ ಬೇಡ, ಮೇಕಪ್ ಬೇಡ, ಬಿಸಿಲು ಬೇಡ. "ತಡೀಲಾರದ ಮತ್ತ ಅದನ್ನ ಹಚ್ಚಿದರೆ ನಾಳೆನೇ ಚಂದ ಕಾಣಿಸ್ತೈತಿ. ಅದೇ ಅದರ ಮೋಸ. ಪ್ರತಿ ಸಲ ಚರ್ಮ ಇನ್ನಷ್ಟು ಸಾಯ್ತದ."

ಸೀತವ್ವನ ಕಿವಿಗೆ ಬಿದ್ದದ್ದು ಒಂದೇ ಮಾತು. ಪಾರ್ಲರಿನ ಮೆಟ್ಟಿಲು ಹತ್ತುತ್ತಲೇ ಅವಳು ಹೇಳಿದಳು: "ಹಚ್ಚಿದ್ರ ನಾಳೇನ ಚಂದ ಆಗ್ತೈತಿ ಅಂದ್ರಲ್ಲ. ಬರೇ ಹನ್ನೊಂದ ದಿನ. ಅಕ್ಕಿಕಾಳ ಬಿದ್ದ ಮ್ಯಾಲ ಬಿಡ್ತಾಳ."

"ಆಮ್ಯಾಲ ಇನ್ನೂ ಕೆಡ್ತೈತಂತ ಸೀತವ್ವಾರ..."

"ಆಮ್ಯಾಲಿಂದು ಆಮ್ಯಾಲ. ಈಗ ರವಿವಾರ ಏನ ಮಾಡೂದು ಹೇಳು!"

ನೀಲಾ ನೆಟ್ಟಗೆ ಬಂದು ಮೇಜಿನ ಮುಂದೆ ನಿಂತು ಕೈ ಚಾಚಿದಳು. "ಡಾಕ್ಟರ ಮುಂದ ನಿಮ್ಮ ಹೆಸರ ಹೇಳಲಿಲ್ಲರಿ ನಾ," ಎಂದಳು, ಬಹಳ ಮೆಲ್ಲಗೆ.

ಮಹಾನಂದಾ ಡ್ರಾವರು ಎಳೆದಳು. ಒಂದು ಡಬ್ಬಿ ತೆಗೆದು ಆ ಕೈಯಲ್ಲಿಟ್ಟಳು. ಇಡುವಾಗ ತನಗೆ ತಾನೇ ಹನ್ನೊಂದು ದಿನ, ಹನ್ನೊಂದೇ ದಿನ ಎಂದು ಹೇಳಿಕೊಂಡಳು.

ಅವರು ಹೋದ ಮೇಲೆ ಅವಳಿಗೆ ಬೇರೆ ಗಿರಾಕಿಯ ಕೆಲಸ ಮಾಡಲಾಗಲಿಲ್ಲ. ಸಂಜೆ ಯುವರಾಜನಿಗೆ ಫೋನು ಹಚ್ಚಿದಳು.

"ಅದರಾಗ ಏನ ಹಾಕ್ತಾರ?"

"ನನಗೇನ ಗೊತ್ತರಿ ತಾಯಿ? ನಾನೇನ ಕುದಿಸ್ತೇನಾ? ಮಾರಿ ಹೊಳೀತೈತೋ ಇಲ್ಲೋ?"

"ಒಂದ ಹುಡುಗಿ ಮಾರಿ ಸುಟ್ಟೈತಿ."

"ಒಬ್ಬಾಕಿಗೆ ಒಗ್ಗೂದಿಲ್ಲ. ಮೈ ಉಷ್ಣ ಇರಬೇಕು. ಎಳನೀರ ಕುಡೀಲಿಕ್ಕ ಹೇಳ್ರಿ," ಎಂದು ನಕ್ಕು ಅವನು ಫೋನಿಟ್ಟ.

ಒಬ್ಬಳಿಗೇ ಏನು? ಮಹಾನಂದಾ ತನ್ನ ಪೇಜಿಗೆ ಬಂದಿದ್ದ ಮೆಸೇಜುಗಳನ್ನು ಹಿಂದಕ್ಕೆ ಹಿಂದಕ್ಕೆ ಸರಿಸುತ್ತ ಹೋದಳು. ಕಿತ್ತೂರಿನವಳೊಬ್ಬಳು ಉರಿ ಎಂದು ಬರೆದಿದ್ದಳು. ಇನ್ನೊಬ್ಬಳು ಗಲ್ಲದ ಮೇಲೆ ಕೂದಲು ಬರುತ್ತಿದೆ, ಗಂಡ ನಗುತ್ತಾನೆ ಎಂದು ಬರೆದಿದ್ದಳು. ಮತ್ತೊಬ್ಬಳು ಅಳುತ್ತಿರುವ ಗೊಂಬೆಯ ಚಿತ್ರ ಹಾಕಿ ಫೋಟೊ ಕಳಿಸಿದ್ದಳು. ಏಳು ಜನ. ಏಳೂ ಜನಕ್ಕೆ ಅವಳು ಒಂದೇ ಉತ್ತರ ಬರೆದಿದ್ದಳು: 'ಬಿಸಿಲಿಗೆ ಹೋಗಬೇಡಿ ಡಿಯರ್, ನೀರು ಜಾಸ್ತಿ ಕುಡಿಯಿರಿ.' ಆ ಉತ್ತರ ಬರೆದದ್ದು ತಾನೇ ಎಂಬುದನ್ನು ನಂಬಲು ಅವಳಿಗೆ ಹೊತ್ತು ಹಿಡಿಯಿತು.

ಶುಕ್ರವಾರ ಬೆಳಿಗ್ಗೆ ಪಾರ್ಲರಿನ ಬಾಗಿಲು ತೆರೆಯಲಿಲ್ಲ. ಸವದತ್ತಿಯ ಬಸ್ಸು ಹಿಡಿದು, ಅಲ್ಲಿಂದ ರಾಮದುರ್ಗಕ್ಕೆ ಹೋಗಿ, ಮತ್ತೊಂದು ಬಸ್ಸಿಗೆ ಕಾದು ತೊರಗಲ್ಲಿಗೆ ಇಳಿದಾಗ ಮಧ್ಯಾಹ್ನವಾಗಿತ್ತು. ಕೋಟೆಯ ಗೋಡೆಗೆ ಅನತಿ ದೂರದಲ್ಲಿ ನೀಲಾಳ ಮನೆ. ಅಂಗಳದಲ್ಲಿ ಹಪ್ಪಳ, ಶಾವಿಗೆ ಒಣಹಾಕಿದ್ದರು. ಮದುವೆಯ ಮನೆ ಎಂದು ಯಾರೂ ಹೇಳಬೇಕಿರಲಿಲ್ಲ. ಸೀತವ್ವನೇ ಬಾಗಿಲಿಗೆ ಬಂದಳು. ಮುಖ ಅರಳಿತ್ತು.

"ಬಾರವಾ, ನೋಡ್ಬಾ! ಹೆಂಗ ಇಳದೈತಿ ನೋಡು!"

ಇಳಿದಿತ್ತು. ಮೂರು ಸಲ ಹಚ್ಚಿದ್ದಕ್ಕೇ ಕೆನ್ನೆಯ ಕೆಂಪು ಮಾಯವಾಗಿ, ಚರ್ಮ ಒಂದು ಬಗೆಯ ಮೇಣದ ಹೊಳಪಿಗೆ ಬಂದಿತ್ತು. ನೀಲಾ ಮಾತ್ರ ನಗಲಿಲ್ಲ. ಮಹಾನಂದಾ ಯಾಕೆ ಬಂದಿದ್ದಾಳೆಂದು ಮುಖ ನೋಡಿಯೇ ಅವಳಿಗೆ ತಿಳಿದಿತ್ತು.

"ಡಬ್ಬಿ ಕೊಡು ನೀಲಾ. ನಿನ್ನೆ ಕೊಟ್ಟಿದ್ದು ನಂದು ತಪ್ಪ."

"ನಿನ್ನೆ ಕೊಟ್ಟಿದ್ದು ಅಷ್ಟ ತಪ್ಪೇನು?" ನೀಲಾಳ ದನಿ ಏರಿತು. "ಎಂಟ ತಿಂಗಳ ಕೊಟ್ರಿ. ಕಿಟಕಿ ಮುಚ್ಚಿ ಫೋಟೊ ತಗದ್ರಿ. ಈಕಿ ಮೊದಲ ಹಿಂಗ ಇದ್ಲು, ಹೊಲಸ ಕಾಣ್ತಿದ್ಲು ಅಂತ ನಾಕ ಲಕ್ಷ ಮಂದಿಗೆ ತೋರಿಸಿದ್ರಿ. ನಾ ಆವತ್ತಿನ ತನಕಾ ಕನ್ನಡ್ಯಾಗ ನೋಡ್ಕೊಂಡು ಚಂದನ ಇದ್ದೆ. ಈಗ ಬಂದು ದೇವರಂಗ ಮಾತಾಡ್ತೀರಿ!"

ಆ ಗಲಾಟೆಗೆ ಹಿತ್ತಿಲಿನಿಂದ ಅವಳ ತಂದೆ ಮುದಕಪ್ಪ ಒಳಗೆ ಬಂದರು. ಕೈಕಾಲಿಗೆ ಇನ್ನೂ ಹೊಲದ ಮಣ್ಣು. ಡಬ್ಬಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಮಗಳು ಬಿಸಿಲಿಗೆ ಹೋಗದೆ ಮನೆಯಲ್ಲೇ ಕುಳಿತದ್ದಕ್ಕೆ ಬಣ್ಣ ತಿಳಿಯಾಗಿದೆ ಎಂದುಕೊಂಡಿದ್ದರು. ಸೀತವ್ವ ಬಾಯಿ ಮುಚ್ಚಿಸಲು ನೋಡಿದಳು. ಆದರೆ ಮಹಾನಂದಾ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ರೀಲ್ಸು, ನಲವತ್ತು ನಿಮಿಷ, ಡಾಕ್ಟರಮ್ಮನ ಮಾತು, ತನ್ನ ಪೇಜಿನ ಏಳು ಹೆಂಗಸರು, ಯಾವುದನ್ನೂ ಬಿಡಲಿಲ್ಲ.

ಮುದಕಪ್ಪ ಮಗಳತ್ತ ತಿರುಗಿದರು.

"ಉರೀತೈತೇನವಾ?"

ಅದುವರೆಗೂ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ನೀಲಾ ಕುಸಿದು ಕುಳಿತು, ಮೊಣಕಾಲಿಗೆ ಮುಖ ಒತ್ತಲೂ ಆಗದೆ, ಎರಡೂ ಕೈಯನ್ನು ಗಾಳಿಯಲ್ಲಿ ಹಿಡಿದು ಅತ್ತಳು. ಕಣ್ಣೀರು ಬಿದ್ದ ಕಡೆಯೆಲ್ಲ ಉರಿಯುತ್ತಿತ್ತು.

ಸಮಾಧಾನವಾದ ಮೇಲೆ ಅವಳೇ ಒಳಗೆ ಹೋಗಿ ಡಬ್ಬಿ ತಂದು ಮಹಾನಂದಾಳ ಮುಂದೆ ಇಟ್ಟಳು. ಕೈ ಮಾತ್ರ ಮುಚ್ಚಳದ ಮೇಲೇ ಇತ್ತು.

"ರವಿವಾರ ನೀವೂ ಬರ್ಬೇಕು. ಅವರ ಮುಂದ ನೀವ ಹೇಳ್ಬೇಕು. ನಾ ಹೇಳಿದ್ರ ಹುಡುಗೀದಽ ಮೋಸ ಅಂತಾರ. ಬರ್ತೇನಿ ಅಂದ್ರ ಕೈ ತಗೀತೇನಿ."

"ಬರ್ತೇನಿ," ಎಂದಳು ಮಹಾನಂದಾ.

ಊರಿಗೆ ಮರಳಿದ ಮೇಲೆ ಗಂಡನಿಗೂ ಹೇಳಬೇಕಾಯಿತು. ಸಿದ್ದರಾಮ ಕೆಟ್ಟವನಲ್ಲ. ಕೇಳಿ ಹೆದರಿದ, ನೀರು ಕುಡಿದ, ಯುವರಾಜನನ್ನು ಬೈದ. ಶನಿವಾರ ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಅವನ ಕಣ್ಣಲ್ಲಿ ಬೇರೆ ಬೆಳಕಿತ್ತು.

"ಒಂದ ಮಾತ ಹೇಳ್ಲೇನು? ತಪ್ಪ ಒಪ್ಕೊಂಡು ವೀಡಿಯೊ ಮಾಡೂಣು. ಆ ಹುಡುಗಿ ಈಗಿನ ಮಾರಿ ಒಂದ ಸಲ ತೋರಿಸಿದ್ರ ಸಾಕು. ಹತ್ತ ಲಕ್ಷ ಮಂದಿ ನೋಡ್ತಾರ. ಮಂದಿಗೂ ಚಲೋ ಬುದ್ಧಿ ಬರ್ತೈತಿ, ನಮ್ಮ ಪೇಜೂ ಉಳೀತೈತಿ."

ಮಹಾನಂದಾ ಬಸಿಯನ್ನು ಕೆಳಗಿಟ್ಟಳು. ಅವನು ಹೇಳಿದ್ದರಲ್ಲಿ ಲೆಕ್ಕ ತಪ್ಪಿರಲಿಲ್ಲ. ಅದೇ ಅವಳನ್ನು ಹೆದರಿಸಿತು. ಅವಳ ಮನಸ್ಸೂ ಅರೆಗಳಿಗೆ ಆ ದಾರಿಗೆ ಹೋಗಿ, ನೀಲಾಳ ಕೆನ್ನೆಯನ್ನು ಯಾವ ಕೋನದಿಂದ ತೆಗೆದರೆ ಸರಿಯಾಗಿ ಕಾಣುತ್ತದೆ ಎಂದು ನೋಡಿ ಬಂದಿತ್ತು.

"ಆಕಿ ಮಾರಿ ಎರಡ ಸಲ ಮಾರೀವಿ," ಎಂದಳು. "ಮೂರನೇ ಸಲಾ ಬ್ಯಾಡ."

ಆ ಹಳೆಯ ರೀಲ್ಸನ್ನು ಅವಳೇ ಅಳಿಸಿದಳು. ಸಿದ್ದರಾಮ ಅಂಗಡಿಗೆ ಇಳಿದು ಹೋದ.

ಭಾನುವಾರ ರಾಮದುರ್ಗದ ಪೇಟೆಯಲ್ಲಿ ಮದುವೆಯ ಸೀಜನ್ನಿನ ಗದ್ದಲ. ಬಟ್ಟೆ ಅಂಗಡಿಯ ಮಹಡಿಯ ಮೇಲೆ ಬಿಳಿ ಹಾಸಿಗೆ ಹಾಸಿ, ಸುತ್ತ ಆಳೆತ್ತರದ ಕನ್ನಡಿ ನಿಲ್ಲಿಸಿ, ತಲೆಯ ಮೇಲೆ ಸಾಲುಸಾಲು ದೀಪ ಉರಿಸಿದ್ದರು. ಗಂಡಿನ ಕಡೆಯವರು ಮೊದಲೇ ಬಂದಿದ್ದರು: ಮಾಂತೇಶ, ಅವನ ತಾಯಿ ಶಟ್ಟೆವ್ವ, ತಂಗಿ ರಂಜನಾ. ರಂಜನಾ ಮದುವೆಯ ಪ್ರತಿ ಕೆಲಸವನ್ನೂ ಫೋನಿನಲ್ಲಿ ಹಿಡಿದು ಹಾಕುತ್ತಿದ್ದಳು. ನೀಲಾ, ಅವಳ ತಂದೆ ತಾಯಿ, ಮಹಾನಂದಾ ಮೆಟ್ಟಿಲು ಹತ್ತುವಾಗಲೇ ಅವಳ ಫೋನು ಮೇಲೆದ್ದಿತ್ತು.

ನೀಲಾಳ ಮುಖ ಓಡಣಿಯೊಳಗಿತ್ತು. ಎರಡು ದಿನದಲ್ಲಿ ಅದು ಮೊದಲಿಗಿಂತ ಹೆಚ್ಚು ಕೆರಳಿರುವುದು ಮನೆಯವರಿಗೂ ಮಹಾನಂದಾಳಿಗೂ ಮಾತ್ರ ಗೊತ್ತಿತ್ತು.

"ಈಕಿ ಯಾರು?" ಎಂದಳು ಶಟ್ಟೆವ್ವ, ಮಹಾನಂದಾಳನ್ನು ನೋಡಿ.

"ಅಯ್ಯ, ಗೊತ್ತಾಗ್ಲಿಲ್ಲೇನವಾ? ಬೈಲಹೊಂಗಲದ ಪಾರ್ಲರದಾಕಿ!" ರಂಜನಾ ಹಿಗ್ಗಿದಳು. ಮರುಗಳಿಗೆಯೇ ಅನುಮಾನದಿಂದ ಹುಬ್ಬು ಗಂಟಿಕ್ಕಿದಳು. "ವೀಡಿಯೊದಾಗ ಭಾಳ ಬೆಳ್ಳಗ ಅದೀರಿ ನೀವು."

ಹಸಿರು ಇಳಕಲ್ ಸೀರೆಯೊಂದನ್ನು ಅಂಗಡಿಯವರು ಬಿಚ್ಚಿ ಹರವಿದರು. ಶಟ್ಟೆವ್ವ ಸೆರಗನ್ನು ಎತ್ತಿ, "ಬಾರವಾ ನೀಲಾ, ಭುಜದ ಮ್ಯಾಲ ಹಾಕಿ ನೋಡೂಣು. ಒಳಗ ಬಿಸಲೆಲ್ಲೈತಿ, ಮಾರಿ ಬಿಚ್ಚು," ಎಂದಳು.

ನೀಲಾ ಮಹಾನಂದಾಳತ್ತ ನೋಡಿದಳು. ಕ್ಯಾಮೆರಾ ಮುಂದೆ ಗಂಟೆಗಟ್ಟಲೆ ಮಾತಾಡಿದವಳಿಗೆ ಐದು ಜನರ ಮುಂದೆ ಮೊದಲ ಶಬ್ದ ಹೊರಡಲಿಲ್ಲ.

"ಅಕ್ಕಾರ, ಆಕಿ ಮಾರಿ... ನಾ ಕೊಟ್ಟ ಕ್ರೀಮಿನಿಂದ..."

ಅಷ್ಟರಲ್ಲಿ ನೀಲಾ ಓಡಣಿ ಬಿಚ್ಚಿಬಿಟ್ಟಳು.

ಅಂಗಡಿಯವರ ಕೈ ಮಡಿಕೆಯ ನಡುವೆ ನಿಂತಿತು. ಸುತ್ತಲಿನ ಕನ್ನಡಿಗಳಲ್ಲೆಲ್ಲ ಅದೇ ಕೆಂಪು ಮುಖ. ರಂಜನಾಳ ಫೋನು ಮಾತ್ರ ಕೆಳಗಿಳಿದಿರಲಿಲ್ಲ. ಅವಳಿಗೇ ಅರಿವಿಲ್ಲದಂತೆ ಅದು ನೀಲಾಳತ್ತ ಇನ್ನಷ್ಟು ಹತ್ತಿರ ಸರಿಯುತ್ತಿತ್ತು.

ಮಹಾನಂದಾ ಹಾಸಿಗೆಯ ಮೇಲೆ ಹಾಯ್ದು ಬಂದು ಆ ಫೋನಿಗೆ ಅಂಗೈ ಅಡ್ಡ ಹಿಡಿದಳು.

"ಆಕಿನ್ನ ತಗೀಬ್ಯಾಡ. ನನ್ನ ತಗಿ."

"ಬಿಡ್ರಿ, ಏನ ಮಾಡಾಕತ್ತೀರಿ?"

"ತಗಿ ಅಂತೇನಿ. ನನ್ನ ಮಾರಿ ತಗಿ." ಫೋನನ್ನು ಅವಳೇ ತನ್ನತ್ತ ತಿರುಗಿಸಿಕೊಂಡಳು. ಈಗ ಮಾತು ಬಂತು. "ನಾ ಮಹಾನಂದಾ. ಬೈಲಹೊಂಗಲದಾಗ ಪಾರ್ಲರ್ ಐತಿ. ನನ್ನ ಬಣ್ಣ ಇದು, ನೀವು ವೀಡಿಯೊದಾಗ ನೋಡಿದ್ದು ಸುಳ್ಳ. ಹದಿನೈದ ದಿನದಾಗ ಹೊಳಪ ಬರ್ತೈತಿ ಅಂತ ಒಂದ ಹುಡುಗೀದು ತೋರಿಸಿದ್ನಲ್ಲ, ಅದೂ ಸುಳ್ಳ. ಒಂದಽ ದಿನ ತಗದದ್ದು ಎರಡೂ. ನಾ ಮಾರಿದ ಬಿಳಿ ಡಬ್ಬ್ಯಾಗ ಏನೈತಿ ಅಂತ ನನಗ ಗೊತ್ತಿದ್ದಿಲ್ಲ, ಕೇಳಲೂ ಇಲ್ಲ ನಾ. ಅದನ್ನ ಹಚ್ಚಿದವ್ರ ಮಾರಿ ಸುಟ್ಟಾವು. ಯಾರ ಮನ್ಯಾಗ ಐತಿ, ಡಾಕ್ಟರ ಕಡೆ ಒಯ್ರಿ. ಹಚ್ಚಬ್ಯಾಡ್ರಿ."

ಕೈ ಬಿಟ್ಟಳು. ರಂಜನಾ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ಶಟ್ಟೆವ್ವ ಸೀರೆಯ ಸೆರಗನ್ನು ಮೆಲ್ಲಗೆ ಕೆಳಗಿಟ್ಟಳು. "ಅಂದ್ರ ನಾವು ಒಪ್ಪಿದ ಹುಡುಗಿ ಯಾರು? ನಿಮ್ಮ ಮನಿಗೆ ಬಂದಾಗ ಬೆಳ್ಳಗಿದ್ಲು. ಬಣ್ಣಾ ಹಚ್ಚಿ ಕುಂಡ್ರಿಸಿದ್ರಿ?"

"ಹುಡುಗಿ ಅದಽ ಹುಡುಗೀರಿ," ಎಂದರು ಮುದಕಪ್ಪ. "ಡಾಕ್ಟರು ಮೂರ ತಿಂಗಳದಾಗ ಆರಾಮ ಆಗ್ತಾಳ ಅಂದಾರ. ಲಗ್ನಾ ಮುಂದ ಹಾಕೂಣು ಅನ್ನೂದು ನಮ್ಮ ಮಾತು."

"ಆರಾಮ ಆದ ಮ್ಯಾಲ ಬೆಳ್ಳಗ ಇರ್ತಾಳೋ, ಕರ್ರಗ ಇರ್ತಾಳೋ?"

ಮುದಕಪ್ಪ ಉತ್ತರ ಕೊಡುವ ಮೊದಲೇ ಮಾಂತೇಶ ಬಾಯಿ ತೆರೆದ. ಅಲ್ಲಿಯವರೆಗೆ ಅವನು ನೀಲಾಳ ಮುಖವನ್ನು ಒಂದೇ ಸಲ ನೋಡಿ ಕಣ್ಣು ಬೇರೆಡೆ ಹೊರಳಿಸಿದ್ದ. "ದಿನಾ ವೀಡಿಯೊ ಕಾಲ್ ಮಾಡ್ತಿದ್ದಿ. ಒಂದ ದಿನಾನೂ ಹೇಳ್ಲಿಲ್ಲ. ಫಿಲ್ಟರ್ ಹಾಕ್ಕೊಂಡು ಕುಂಡ್ರತಿದ್ದಿ."

"ಹೌದ್ರಿ. ಅಂಜಿಕ್ಯಾಗ ಹಾಕ್ಕೊಂಡಿದ್ದೆ," ಎಂದಳು ನೀಲಾ. "ನೀವೂ ದಿನಾ ಟೊಪ್ಪಿಗಿ ಹಾಕ್ಕೊಂಡು ಕುಂಡ್ರತಿದ್ರಿ. ಈಗೂ ಹಾಕ್ಕೊಂಡೀರಿ. ನಿಮ್ಮ ಫೋಟೊದಾಗ ಹಣಿ ಮ್ಯಾಲ ತುಂಬಾ ಕೂದಲಾ ಅದಾವು. ನಾ ಒಂದ ಸಲಾನೂ ತಗೀರಿ ಅನ್ಲಿಲ್ಲ."

ಮಾಂತೇಶನ ಕೈ ತಾನಾಗಿ ತಲೆಯ ಮೇಲಿನ ಟೊಪ್ಪಿಗೆಗೆ ಹೋಯಿತು. ತೆಗೆಯಲಿಲ್ಲ, ಇನ್ನಷ್ಟು ಕೆಳಗೆಳೆದುಕೊಂಡ. ಅವನ ಕಿವಿ ಕೆಂಪಾದವು.

"ಗಂಡಸರದು ಬ್ಯಾರೆ," ಎಂದಳು ಶಟ್ಟೆವ್ವ.

"ಯಾಕ ಬ್ಯಾರೆ?" ಎಂದು ಕೇಳಿದವಳು ಸೀತವ್ವ. ಮೂರು ದಿನದಿಂದ ಡಬ್ಬಿ ಡಬ್ಬಿ ಎಂದು ಜೀವ ತಿಂದವಳ ಬಾಯಿಂದ ಆ ಮಾತು ಬಂದದ್ದಕ್ಕೆ ಅವಳ ಗಂಡನೇ ತಿರುಗಿ ನೋಡಿದರು. ಸೀತವ್ವ ಮಗಳ ಓಡಣಿಯನ್ನು ಹಾಸಿಗೆಯಿಂದ ಎತ್ತಿ ಕೊಡವಿ, ಕೆನ್ನೆಗೆ ತಾಗದ ಹಾಗೆ ತಲೆಯ ಮೇಲೆ ಹೊದಿಸಿದಳು. "ನಡೀರಿ. ಈ ದೀಪದ ಕಾವಿಗೆ ಹುಡುಗಿಗೆ ಉರೀತೈತಿ."

ಹಸಿರು ಸೀರೆ ಹರವಿದಂತೆಯೇ ಉಳಿಯಿತು.

ಮದುವೆ ಮುಂದಕ್ಕೆ ಹೋಯಿತು ಎಂದು ಮೊದಲು ಸುದ್ದಿಯಾಯಿತು. ಹದಿನೆಂಟು ದಿನದ ಮೇಲೆ ಗಂಡಿನ ಕಡೆಯವರು ಮುದಕಪ್ಪನಿಗೆ ಫೋನು ಮಾಡಿ, ಜಾತಕದಲ್ಲಿ ಏನೋ ದೋಷ ಕಂಡಿದೆ ಎಂದು ಹೇಳಿ ಮುಗಿಸಿದರು. ನೀಲಾ ಎರಡು ದಿನ ಊಟ ಬಿಟ್ಟಳಂತೆ. ಮಹಾನಂದಾಳಿಗೆ ಇದು ತಿಳಿದದ್ದು ಸೀತವ್ವನಿಂದ. ನೀಲಾ ಅವಳ ಫೋನು ಎತ್ತುತ್ತಿರಲಿಲ್ಲ.

ಅಂಗಡಿಯಲ್ಲಿ ತೆಗೆದ ವೀಡಿಯೊವನ್ನು ರಂಜನಾ ಅದೇ ದಿನ ಸಂಜೆ ಹಾಕಿದ್ದಳು. ಮೊದಲ ಎರಡು ಸೆಕೆಂಡು ನೀಲಾಳ ಮುಖ, ಆಮೇಲೆ ಮಹಾನಂದಾ. ಕೆಳಗೆ, 'ನಮಗಾದ ಮೋಸ ನೋಡಿ' ಎಂಬ ಸಾಲು. ಮಹಾನಂದಾ ಅವಳಿಗೆ ಫೋನು ಮಾಡಿ, "ನನಗ ಏನ ಬೇಕಾದ್ರೂ ಬರಿ. ಆ ಎರಡ ಸೆಕೆಂಡ ಕತ್ತರಿಸು ತಂಗಿ, ಕೈ ಮುಗೀತೇನಿ," ಎಂದು ಬೇಡಿಕೊಂಡಳು. ರಂಜನಾ ಫೋನಿಟ್ಟುಬಿಟ್ಟಳು. ಆದರೆ ಮರುದಿನ ಬೆಳಿಗ್ಗೆ ನೋಡಿದಾಗ ಹಳೆಯದು ಹೋಗಿ, ಆ ಎರಡು ಸೆಕೆಂಡು ಇಲ್ಲದ ವೀಡಿಯೊ ಅಲ್ಲಿತ್ತು. ಯಾಕೆ ತೆಗೆದಳೋ ಮಹಾನಂದಾ ಕೇಳಲಿಲ್ಲ.

ಬೈಗಳು ಬಂದವು, ಸಾವಿರಗಟ್ಟಲೆ. ಮೋಸಗಾತಿ ಎಂದವರಿಗಿಂತ 'ಈ ಬಣ್ಣ ಇಟ್ಕೊಂಡು ಪಾರ್ಲರ್ ಬೇರೆ' ಎಂದವರೇ ಹೆಚ್ಚು. ಯುವರಾಜ ಫೋನು ಮಾಡಿ, ತನ್ನ ಹೆಸರೆತ್ತಿದರೆ ಪಾರ್ಲರಿಗೆ ಬೀಗ ಬೀಳುತ್ತದೆ ಎಂದ. ಅವಳು ಅವನ ನಂಬರನ್ನೂ ಉಳಿದಿದ್ದ ಡಬ್ಬಿಗಳನ್ನೂ ಒಯ್ದು ಬೆಳಗಾವಿಯಲ್ಲಿ ಔಷಧ ಇಲಾಖೆಯವರ ಮುಂದೆ ಇಟ್ಟು ಬರೆದುಕೊಟ್ಟಳು. ನಿಮ್ಮ ಮೇಲೂ ಕೇಸು ಆಗುತ್ತದಮ್ಮ ಎಂದರು ಅಲ್ಲಿದ್ದವರು. ಆಗಲಿ ಎಂದು ಸಹಿ ಮಾಡಿದಳು. ಗಿರಾಕಿಗಳು ಅರ್ಧಕ್ಕೆ ಇಳಿದರು. ಆದರೆ ಓಡಣಿ ಸುತ್ತಿಕೊಂಡು, ಬಾಗಿಲು ಹಾಕಿ ಎಂದು ಹೇಳಿ, ಚೀಲದಿಂದ ಬಿಳಿ ಡಬ್ಬಿ ತೆಗೆದಿಡುವ ಹೆಂಗಸರು ಬರತೊಡಗಿದರು. ಅವರಲ್ಲಿ ಕಿತ್ತೂರಿನವಳೂ ಇದ್ದಳು. ಅವಳು ಡಬ್ಬಿಯನ್ನು ಮಹಾನಂದಾಳ ಮೈಮೇಲೆ ಎಸೆದು, ಮನಸೋ ಇಚ್ಛೆ ಬೈದು, ಆಮೇಲೆ ಅದೇ ಬೆಂಚಿನ ಮೇಲೆ ಕುಳಿತು ಡಾಕ್ಟರು ಯಾವ ದಿನ ಬರುತ್ತಾರೆ ಎಂದು ಕೇಳಿದಳು. ಅವಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋದವನು ಸಿದ್ದರಾಮ. ಬಂದ ಮೇಲೆ ಅವನೇ ಆ ಗುಂಡನೆಯ ದೀಪವನ್ನು ಬಿಚ್ಚಿ ಮೂಲೆಗಿಟ್ಟ.

ಶ್ರಾವಣದ ಒಂದು ಸಂಜೆ, ಮಹಾನಂದಾ ಬಾಗಿಲು ಹಾಕುವ ಹೊತ್ತಿಗೆ, ಫೋನು ರಿಂಗಾಯಿತು. ನೀಲಾ.

"ಹೆಂಗದೀ?" ಎಂದಳು ಮಹಾನಂದಾ.

"ಉರಿ ಕಡಿಮಿ ಆಗೇತಿ. ಕೂದಲಾ ಇನ್ನೂ ಅದಾವು. ಬಣ್ಣ ಮೊದಲಿನಂಗ ಬರಾಕತ್ತೈತಿ. ನಿಮ್ಮ ಮ್ಯಾಲಿನ ಸಿಟ್ಟ ಹೋಗಿಲ್ಲ. ಈಗ ಬ್ಯಾರೆ ಕೆಲಸಕ್ಕ ಫೋನ ಮಾಡೇನಿ ನಾ."

"ಹೇಳು."

"ನಮ್ಮ ಓಣ್ಯಾಗ ಒಬ್ಬಾಕಿ ಅದಾಳ. ಬರೂ ತಿಂಗಳ ಲಗ್ನ. ಯಾವುದೋ ಬ್ಯಾರೆ ಪೇಜಿನ ಕ್ರೀಮ ತರಿಸ್ಯಾಳ, ಅದೂ ಬಿಳೀದಽ. ನಾ ನನ್ನ ಮಾರಿ ತೋರಿಸಿ ಹೇಳ್ದೆ. ನಿನಗ ಒಗ್ಗಿಲ್ಲ, ನನಗ ಒಗ್ತೈತಿ ಅಂತಾಳ. ಮಾರಿದವ್ರು ಬಂದು ಹೇಳಿದ್ರ ಕೇಳಬಹುದು."

"ಅವರವ್ವ ನನ್ನ ಒಳಗ ಬಿಟ್ಕೋತಾಳೇನು? ಬೈತಾಳ."

"ಬೈಲಿ ಬಿಡ್ರಿ. ನಿಮಗ ಬೈಸ್ಕೊಂಡು ರೂಢಿ ಆಗೇತಲ್ಲ."

ಅದರಲ್ಲಿ ನಗು ಇತ್ತೋ ಇಲ್ಲವೋ ಮಹಾನಂದಾಳಿಗೆ ತಿಳಿಯಲಿಲ್ಲ. ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ ಎಂದಳು.

"ರಾಮದುರ್ಗದಾಗ ಇಳದು ಫೋನ ಮಾಡ್ರಿ," ಎಂದಳು ನೀಲಾ. "ನಾ ಗಾಡಿ ತಗೊಂಡು ಬರ್ತೇನಿ."